ಚಾಳಿನ ಗ್ಯಾಲರಿಯಲ್ಲಿ ಅಡೇನಿಯಂ

ಬೈಕುಲ್ಲಾದ ನಮ್ಮಂಥವರಿಗೆ ತೋಟವೆಂದರೆ 1862ರಲ್ಲಿ ತೆರೆದ ರಾಣಿ ಬಾಗು. ಮನೆಯಲ್ಲಾದರೋ ಬಿಸಿಲು ಬೀಳುವ ಗ್ಯಾಲರಿಯ ಒಂದು ಮೂಲೆ ಮಾತ್ರ. ಆ ಮೂಲೆಗೆ ಒಪ್ಪುವ ಗಿಡ ಅಡೇನಿಯಂ. ಆಫ್ರಿಕ, ಅರಬಸ್ತಾನಗಳ ಒಣನೆಲದ ಈ ಗಿಡ ನಮ್ಮ ಕಣಗಿಲೆಯ ಬಂಧು. ನೀರು ಕೂಡಿಟ್ಟುಕೊಳ್ಳುವ ಅದರ ಬುಡ ಗಡ್ಡೆಯಂತೆ ಉಬ್ಬುತ್ತದೆ. ಬೋನ್ಸಾಯ್‌ಗೆ ಅದೇ ಅಂದ.

ದಪ್ಪ ಬುಡ ಬೇಕಾದವರು ಬೀಜದಿಂದ ಬೆಳೆದ ಸಸಿಯನ್ನೇ ಆರಿಸತಕ್ಕದ್ದು. ಮರಳು, ಇಟ್ಟಿಗೆ ಚೂರು ಬೆರೆಸಿದ ಮಣ್ಣು, ತೂತುಳ್ಳ ಅಗಲವಾದ ಕುಂಡ ಸಾಕು. ಬೇಸಗೆಯ ಮೊದಲಲ್ಲಿ ಕುಂಡ ಬದಲಿಸುವಾಗ ಬುಡವನ್ನು ತುಸು ಮೇಲೆತ್ತಿ ನೆಟ್ಟರೆ ಬೇರುಗಳ ಹೆಣಿಗೆ ಕಾಣಿಸುತ್ತದೆ. ಬೇರು ಕತ್ತರಿಸಿದ್ದರೆ ಗಾಯ ಒಣಗಿದ ಮೇಲೆಯೇ ನೆಡಬೇಕು. ಕೊಂಬೆ ಕತ್ತರಿಸಿದರೆ ಕವಲೊಡೆಯುತ್ತದೆ. ಹೂ ಬಿಡುವುದು ಕವಲಿನ ತುದಿಯಲ್ಲಿ. ಸೋರುವ ಹಾಲು ವಿಷ; ಮಕ್ಕಳ ಕೈಗೆ ಎಟುಕದಂತಿರಲಿ, ಕೈ ತೊಳೆಯಲು ಮರೆಯಬಾರದು.

ನಿಜವಾದ ಪರೀಕ್ಷೆ ಜೂನಿನಲ್ಲಿ. ಮುಂಬಯಿಯ ಮಳೆಗೆ ಸಿಕ್ಕಿದರೆ ಬೇರು ಕೊಳೆತು ಬುಡ ಮೆತ್ತಗಾಗುತ್ತದೆ. ಆದುದರಿಂದ ಕುಂಡವನ್ನು ಎರಚಲು ತಾಗದೆಡೆಗೆ ಸರಿಸಿ, ಮಣ್ಣು ಒಣಗಿದ ಮೇಲಷ್ಟೇ ನೀರು ಕೊಡಬೇಕು. ತುಳಸಿಗೆ ದಿನವೂ ನೀರೆರೆದು ರೂಢಿಯಾದ ನಮ್ಮ ಕೈಗೆ ಈ ಸಂಯಮ ಕಷ್ಟವೇ ಸರಿ. ಆದರೆ ಅಡೇನಿಯಂ ಹೆಚ್ಚಾಗಿ ಸಾಯುವುದು ಅತಿ ಉಪಚಾರದಿಂದಲೇ.