ಮೋಡೆಮಿನ ಕೂಗಿಗೆ ಕಿವಿಗೊಟ್ಟವರು

2025ರ ಸೆಪ್ಟೆಂಬರ್ 30ರಂದು ಅಮೆರಿಕದ ಎಒಎಲ್ ಕಂಪನಿ ಫೋನ್ ಲೈನಿನ ಮೂಲಕ ನಡೆಯುವ ತನ್ನ ಡಯಲ್-ಅಪ್ ಇಂಟರ್ನೆಟ್ ಸೇವೆಯನ್ನು ನಿಲ್ಲಿಸಿತು. ಅದು ಇನ್ನೂ ನಡೆಯುತ್ತಿತ್ತೇ ಎಂದು ಬೆರಗಾದವರೇ ಹೆಚ್ಚು. ನಡೆಯುತ್ತಿತ್ತು. 2023ರ ಹೊತ್ತಿಗೂ ಸುಮಾರು 1.63 ಲಕ್ಷ ಮನೆಗಳು ಡಯಲ್-ಅಪ್ ಒಂದನ್ನೇ ನೆಚ್ಚಿಕೊಂಡಿದ್ದವು ಎಂದು ಅಲ್ಲಿನ ಜನಗಣತಿ ಇಲಾಖೆ ಅಂದಾಜು ಮಾಡಿದೆ. ಆ ಸುದ್ದಿ ಓದಿದಾಗಿನಿಂದ ಒಂದು ಪ್ರಶ್ನೆ ತಲೆಯಲ್ಲಿ ಸುತ್ತುತ್ತಿದೆ. ಡಯಲ್-ಅಪ್ ಕಾಲದಲ್ಲಿ ನಮ್ಮಲ್ಲಿ ಪೇಟೆಯಿಂದ ದೂರವಿದ್ದ ಮನೆಯವರು ಯಾವ ಕಂಪನಿಯ ಸಂಪರ್ಕವನ್ನು ನಂಬಿ ಕೊಳ್ಳಬೇಕಿತ್ತು, ಯಾವ ಆಧಾರದ ಮೇಲೆ? ಜಾಹೀರಾತಿನಲ್ಲಿದ್ದ ವೇಗ, ಗಂಟೆಗಳ ಲೆಕ್ಕ, ಕಂಪನಿಯ ದೊಡ್ಡ ಹೆಸರು ಯಾವುದೂ ಹಳ್ಳಿಯವರ ಕೈಹಿಡಿಯುವಂಥದ್ದಾಗಿರಲಿಲ್ಲ ಎಂಬುದು ನನ್ನ ವಾದ. ಅವರು ನೋಡಬೇಕಿದ್ದದ್ದು ಡಯಲ್ ಮಾಡುವ ನಂಬರನ್ನು, ಕೇಳಬೇಕಿದ್ದದ್ದು ಕಂಪ್ಯೂಟರನ್ನು ಫೋನ್ ಲೈನಿಗೆ ಸೇರಿಸುವ ಮೋಡೆಮಿನ ಸದ್ದನ್ನು.

ಮೊದಲು ನಂಬರಿನ ವಿಷಯ. ಸರ್ಕಾರಿ ದೂರಸಂಪರ್ಕ ಕಂಪನಿಯಾಗಿದ್ದ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್ನೆಟ್ ಬಾಗಿಲು ತೆರೆದಾಗ ಅದರ ಮೋಡೆಮುಗಳಿದ್ದದ್ದು ಮಹಾನಗರಗಳಲ್ಲಿ. ಬೆಂಗಳೂರಿನ ನಂಬರಿಗೆ ಜಯನಗರದಿಂದ ಡಯಲ್ ಮಾಡಿದರೆ ಲೋಕಲ್ ಕರೆ, ಶಿರಸಿಯಿಂದಲೋ ಸುಳ್ಯದಿಂದಲೋ ಮಾಡಿದರೆ ದೂರದ ಊರಿನ ದರದ ಎಸ್‌ಟಿಡಿ. ಲೋಕಲ್ ಕರೆಗೆ ಮೂರು ನಿಮಿಷಕ್ಕೊಂದು ಪಲ್ಸ್ (ಬಿಲ್ಲಿಗೆ ಸೇರುವ ಒಂದು ಎಣಿಕೆ) ಎಂದರೂ ಗಂಟೆಗೆ ಇಪ್ಪತ್ತು. ಎಸ್‌ಟಿಡಿಯಲ್ಲಿ ಪಲ್ಸ್ ಸೆಕೆಂಡುಗಳ ಲೆಕ್ಕದಲ್ಲಿ ಓಡುತ್ತಿತ್ತು. ಇಂಟರ್ನೆಟ್ಟಿಗೆ ಕೊಟ್ಟ ದುಡ್ಡಿಗಿಂತ ಫೋನ್ ಬಿಲ್ಲೇ ಮನೆಯ ಲೆಕ್ಕ ತಪ್ಪಿಸುತ್ತಿತ್ತು. 1998ರ ನವೆಂಬರಿನಲ್ಲಿ ಖಾಸಗಿಯವರಿಗೂ ಅವಕಾಶ ಸಿಕ್ಕಿತು. ಎ ದರ್ಜೆಯ ಲೈಸೆನ್ಸ್ ಇಡೀ ದೇಶಕ್ಕೆ, ಬಿ ಒಂದು ಟೆಲಿಕಾಂ ವಲಯಕ್ಕೆ, ಸಿ ಹೆಚ್ಚುಕಡಿಮೆ ಒಂದು ಜಿಲ್ಲೆಯಷ್ಟು ಜಾಗಕ್ಕೆ. ‘ಅಖಿಲ ಭಾರತ ಲೈಸೆನ್ಸ್’ ಎಂಬ ಮಾತು ಕಿವಿಗೆ ಗಟ್ಟಿಯಾಗಿ ಕೇಳುತ್ತದೆ. ಆದರೆ ಎಲ್ಲಿ ವ್ಯಾಪಾರ ಮಾಡಬಹುದು ಎಂಬುದನ್ನಷ್ಟೇ ಆ ಕಾಗದ ಹೇಳುತ್ತದೆ, ಎಲ್ಲಿ ಮೋಡೆಮ್ ಇಟ್ಟಿದ್ದಾರೆ ಎಂಬುದನ್ನಲ್ಲ. ಜಿಲ್ಲಾಕೇಂದ್ರದಲ್ಲಿ ನಾಲ್ಕು ಪೆಟ್ಟಿಗೆ ಇಟ್ಟುಕೊಂಡ ಸಿ ದರ್ಜೆಯವನು ದೇಶಕ್ಕೆಲ್ಲ ಹೆಸರಾದವನಿಗಿಂತ ಹಳ್ಳಿಗೆ ಹತ್ತಿರದವನಾಗಿರಬಹುದಿತ್ತು. ಬಿಎಸ್‌ಎನ್‌ಎಲ್‌ನ ಸಂಚಾರ್‌ನೆಟ್ ಇಂಟರ್ನೆಟ್ ಸೇವೆ ಬಂದಾಗ ಅದರ ನಿಜವಾದ ಬೆಲೆ ಇದ್ದದ್ದು 172233 ಎಂಬ ಆರು ಅಂಕಿಗಳಲ್ಲಿ. ಎಸ್‌ಟಿಡಿ ಕೋಡಿನ ಗೊಡವೆಯಿಲ್ಲದೆ ಲೋಕಲ್ ದರದಲ್ಲಿ ಹಳ್ಳಿಯಿಂದಲೂ ಸಿಗುವ ನಂಬರು ಅದು.

ನಂಬರು ಹತ್ತಿರದ್ದಾದರೂ ಅದು ಎತ್ತಬೇಕಲ್ಲ. ಒಂದು ಪಿಆರ್‌ಐ ಲೈನಿನಲ್ಲಿ, ಅಂದರೆ ಕಂಪನಿಯ ಮೋಡೆಮುಗಳಿಗೆ ಕರೆ ತರುವ ಡಿಜಿಟಲ್ ಲೈನಿನಲ್ಲಿ, ಏಕಕಾಲಕ್ಕೆ ಮೂವತ್ತು ಕರೆ ಹಿಡಿಯುತ್ತದೆ, ಮೂವತ್ತೊಂದನೆಯವನಿಗೆ ಎಂಗೇಜ್ ಟೋನ್. ಒಂದು ಮೋಡೆಮಿಗೆ ಹತ್ತು ಚಂದಾದಾರರು ಎಂಬುದು ಆ ವ್ಯಾಪಾರದ ರೂಢಿಯ ಲೆಕ್ಕವಾಗಿತ್ತು. ಅದನ್ನು ಮೀರಿ ಅಕೌಂಟ್ ಮಾರಿದವನು, ಎಲ್ಲರೂ ಒಟ್ಟಿಗೆ ಡಯಲ್ ಮಾಡುವ ರಾತ್ರಿ ಎಂಟು ಗಂಟೆಗೆ ಸಿಕ್ಕಿಬೀಳುತ್ತಿದ್ದ. ವಿಎಸ್‌ಎನ್‌ಎಲ್ ಕೂಡ ಆರಂಭದಲ್ಲಿ ಇಲ್ಲೇ ಎಡವಿತು. ಅದರ ಮುಖ್ಯಸ್ಥರಾಗಿದ್ದ ಬಿ. ಕೆ. ಸಿಂಗಲ್ ಬಹಿರಂಗವಾಗಿ ತಪ್ಪೊಪ್ಪಿಕೊಂಡರು. ಸೇವೆ ಕೊಡುವವನೊಬ್ಬನನ್ನು ನಂಬುವುದಕ್ಕೆ ಅಂಥ ಒಪ್ಪಿಗೆಯನ್ನು ನಾನು ಹತ್ತು ಜಾಹೀರಾತಿಗಿಂತ ಮೇಲೆ ಇಡುತ್ತೇನೆ.

ಇನ್ನು ಮೋಡೆಮಿನ ಸದ್ದು. ಅದನ್ನು ಕರ್ಕಶ ಎಂದು ಕರೆದವರಿಗೆ ಅದರಲ್ಲಿ ಎಷ್ಟು ಮಾಹಿತಿ ಇತ್ತೆಂಬುದು ತಿಳಿಯಲೇ ಇಲ್ಲ. ಮೊದಲು ಡಯಲ್ ಟೋನ್. ನಮ್ಮ ಎಕ್ಸ್‌ಚೇಂಜಿನದು 400 ಹರ್ಟ್ಸಿನ, ತುಸು ನಡುಗುವ ಸ್ವರ. ಅಮೆರಿಕದ್ದು 350 ಮತ್ತು 440 ಹರ್ಟ್ಸ್ ಕೂಡಿದ ಸ್ವರ. ಆ ಸ್ವರಕ್ಕೆ ಒಗ್ಗಿದ ಮೋಡೆಮ್ ಇಲ್ಲಿ ಡಯಲ್ ಟೋನೇ ಇಲ್ಲವೆಂದು ಹಟ ಹಿಡಿಯುತ್ತಿತ್ತು. ‘ಎಟಿಎಕ್ಸ್3’ ಎಂಬ ಆಜ್ಞೆ ಕೊಟ್ಟು, ಟೋನಿಗಾಗಿ ಕಾಯದೆ ಡಯಲ್ ಮಾಡು ಎಂದು ಅದಕ್ಕೆ ಹೇಳಿಕೊಡಬೇಕಿತ್ತು. ಇದನ್ನು ತಿಳಿಸಿಕೊಡದೆ ‘ನಿಮ್ಮ ಲೈನ್ ಸರಿಯಿಲ್ಲ’ ಎಂದು ಸಾಗಹಾಕಿದವನಿಂದ ಸಂಪರ್ಕ ಕೊಳ್ಳಬಾರದಿತ್ತು. ಆಮೇಲೆ ಅತ್ತಣಿಂದ 2100 ಹರ್ಟ್ಸಿನ ಉದ್ದನೆಯ ಶಿಳ್ಳೆ: ಆ ತುದಿಯಲ್ಲಿ ಮೋಡೆಮ್ ಇದೆ, ಎಚ್ಚರವಾಗಿದೆ. ದೂರದ ಕರೆಗಳಲ್ಲಿ ಪ್ರತಿಧ್ವನಿ ಅಡಗಿಸುವ ಯಂತ್ರಗಳನ್ನು ಸುಮ್ಮನಾಗಿಸುವ ಕೆಲಸವೂ ಆ ಶಿಳ್ಳೆಯದೇ. ಕೊನೆಯ ಬುಸುಗುಟ್ಟುವಿಕೆಯಲ್ಲಿ ಎರಡು ಮೋಡೆಮುಗಳೂ ತಂತಿಯ ಗುಣವನ್ನು ಅಳೆದು ವೇಗ ಗೊತ್ತುಮಾಡಿಕೊಳ್ಳುತ್ತವೆ. ಕೇಬಲ್ ಜಾಯಿಂಟಿಗೆ ಮಳೆನೀರು ಇಳಿದ ದಿನ ಈ ಭಾಗ ತಡವರಿಸಿ ಮತ್ತೆ ಮೊದಲಿಂದ ಶುರುವಾಗುವುದು ಕಿವಿಗೇ ತಿಳಿಯುತ್ತಿತ್ತು. ಆ ದಿನದ ದೂರು ಲೈನ್‌ಮನ್‌ಗೆ ಹೋಗಬೇಕು. ಶಿಳ್ಳೆಯೇ ಬಾರದೆ ಎಂಗೇಜ್ ಟೋನ್ ಬಂದರೆ ದೂರು ಕಂಪನಿಗೆ.

ಈ ವಿವೇಚನೆ ಹಳ್ಳಿಯಲ್ಲಿ ಯಾಕೆ ಮುಖ್ಯವೆಂದರೆ ದಾರಿಯ ಬಹುಪಾಲು ಇಂಟರ್ನೆಟ್ ಕಂಪನಿಯದ್ದಾಗಿರಲಿಲ್ಲ. ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ 128 ಪೋರ್ಟುಗಳ ಗ್ರಾಮೀಣ ಎಕ್ಸ್‌ಚೇಂಜ್ ಮೊದಲು ಕೆಲಸಕ್ಕೆ ನಿಂತದ್ದು ನಮ್ಮ ಕಿತ್ತೂರಿನಲ್ಲಿ, 1986ರಲ್ಲಿ. ಎಸಿ ಇಲ್ಲದ ಕೋಣೆಯಲ್ಲೂ ನಡೆಯುವ ಡಿಜಿಟಲ್ ಯಂತ್ರ ಅದು. ಅದರ ಬಗ್ಗೆ ನನಗಿರುವ ಅಭಿಮಾನವನ್ನು ಮುಚ್ಚಿಡಲಾರೆ. ಆದರೆ 56 ಕೆ ವೇಗದ ವಿ.90 ಮೋಡೆಮಿಗೆ ಕಂಪನಿಯಿಂದ ಊರಿನ ಎಕ್ಸ್‌ಚೇಂಜಿನವರೆಗೂ ದಾರಿಯೆಲ್ಲ ಡಿಜಿಟಲ್ ಆಗಿರಬೇಕು. ಊರಿನಿಂದ ತಾಲ್ಲೂಕಿಗೆ ಹೋಗುವ ಕೊಂಡಿ ಅನಲಾಗ್ ಆದರೆ ವೇಗ 33.6 ಕೆಯ ಮೇಲೆ ಹೋಗದು. ರೇಡಿಯೊ ಮೂಲಕ ಹಳ್ಳಿಗೆ ಫೋನ್ ಕೊಟ್ಟ ಎಂಎಆರ್‌ಆರ್ ವ್ಯವಸ್ಥೆಯಲ್ಲಂತೂ ಎರಡು ಚಾನೆಲ್‌ಗಳನ್ನು ಹದಿನೈದು ಫೋನುಗಳು ಹಂಚಿಕೊಳ್ಳಬೇಕಿತ್ತು. ಒಬ್ಬ ಒಂದು ಗಂಟೆ ಲೈನ್ ಹಿಡಿದು ಕೂತರೆ ಉಳಿದ ಹದಿನಾಲ್ಕು ಫೋನುಗಳಿಗೆ ಉಳಿಯುವುದು ಒಂದೇ ಚಾನೆಲ್. ಇಂಥ ಊರಿಗೆ ‘56 ಕೆ’ ಎಂದು ಮಾರುವವನಿಗಿಂತ ‘ನಿಮ್ಮಲ್ಲಿ ಇಷ್ಟೇ ಸಿಗುತ್ತದೆ’ ಎನ್ನುವವನು ನಂಬಿಗಸ್ತ.

ಸದ್ದಿಗೆ ಇನ್ನೊಂದು ಬೆಲೆಯೂ ಇತ್ತು. 1990ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಬಿಟ್ಟಿ ಚಿತ್ರಗಳ ಆಸೆ ತೋರಿಸಿ ಒಂದು ತಂತ್ರಾಂಶ ಹಂಚಿದರು. ಅದು ಮೊದಲು ಮೋಡೆಮಿನ ಸ್ಪೀಕರ್ ಬಾಯಿ ಮುಚ್ಚಿಸಿ, ಲೋಕಲ್ ಕರೆ ಕಡಿದು, ಮೊಲ್ಡೋವಾ ದೇಶದ ದುಬಾರಿ ನಂಬರಿಗೆ ಡಯಲ್ ಮಾಡುತ್ತಿತ್ತು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1997ರಲ್ಲಿ ಕೋರ್ಟಿಗೆ ಹೋಯಿತು. ಕೊನೆಗೆ ಸುಮಾರು 38 ಸಾವಿರ ಗ್ರಾಹಕರಿಗೆ 27 ಲಕ್ಷ ಡಾಲರಿಗೂ ಹೆಚ್ಚು ಮರಳಿಸಬೇಕಾಯಿತು. ಮೋಸಗಾರರು ಮೊದಲು ಅಡಗಿಸಿದ್ದು ಸದ್ದನ್ನು ಎಂಬುದನ್ನು ಗಮನಿಸಬೇಕು.

ಹಳ್ಳಿಯಲ್ಲಿ ಇದ್ದದ್ದೇ ಒಂದು ಕಂಪನಿ, ಆಯ್ಕೆಯೇ ಇಲ್ಲದಿರುವಾಗ ಪರೀಕ್ಷೆ ಯಾಕೆ ಎಂದು ಕೇಳಬಹುದು. ಆಕ್ಷೇಪ ಸರಿಯಾದದ್ದೇ; ಬಹಳಷ್ಟು ಹೋಬಳಿಗಳಲ್ಲಿ ಸರ್ಕಾರಿ ಸಂಪರ್ಕ ಬಿಟ್ಟರೆ ಗತಿಯಿರಲಿಲ್ಲ. ಆದರೆ ಒಂದೇ ಅಂಗಡಿ ಇದ್ದ ಊರಿನಲ್ಲೂ ಎಷ್ಟು ಕೊಳ್ಳಬೇಕು ಎಂಬುದು ಕೊಳ್ಳುವವನ ಕೈಯಲ್ಲಿದೆ. ವರ್ಷದ ಪ್ಯಾಕ್ ಬೇಕೋ, ಇಪ್ಪತ್ತೈದು ಗಂಟೆಯದು ಸಾಕೋ ಎಂದು ತೀರ್ಮಾನಿಸುವುದಕ್ಕೂ ಆಧಾರ ಬೇಕು. ಆ ಆಧಾರಕ್ಕೆ ಕಂಪ್ಯೂಟರ್ ಕೂಡ ಬೇಕಿರಲಿಲ್ಲ. ಮೂರು ದಿನ, ರಾತ್ರಿ ಎಂಟಕ್ಕೆ, ಮನೆಯ ಮಾಮೂಲಿ ಫೋನಿನಿಂದಲೇ ಆ ನಂಬರಿಗೆ ಡಯಲ್ ಮಾಡಿ ರಿಸೀವರ್ ಕಿವಿಗೆ ಹಿಡಿದರೆ ಸಾಕಿತ್ತು. ಮೂರು ದಿನವೂ ಶಿಳ್ಳೆ ಕೇಳಿದರೆ ದುಡ್ಡು ಕಟ್ಟಬಹುದು.