ನಾಲೆಯ ನೀರಿನ ದಫ್ತರವೂ ಅದರ ಕಿಂಡಿಯೂ

ಹಿರಿಯೂರು ತಾಲ್ಲೂಕಿನಲ್ಲಿ ವೇದಾವತೀ ನದಿಯು ಗುಡ್ಡಗಳ ಸಂದಿಯಿಂದ ಬಯಲಿಗಿಳಿಯುವ ಎಡೆಗೆ, ಅಲ್ಲಿ ನೆಲೆಸಿರುವ ಕಣಿವೆ ಮಾರಮ್ಮನಿಂದ ಮಾರಿಕಣಿವೆಯೆಂಬ ಹೆಸರುಂಟಾಗಿದೆ. ಇಲ್ಲಿ ೧೮೯೮ರಲ್ಲಿ ಆರಂಭವಾದ ಕಟ್ಟೆಯ ಕೆಲಸವು ೧೯೦೭ರಲ್ಲಿ ಮುಗಿದು, ಜಲಾಶಯಕ್ಕೆ ವಾಣೀವಿಲಾಸ ಸಾಗರವೆಂದು ನಾಮಕರಣವಾಯಿತು. ಇದರ ಪೂರ್ಣಮಟ್ಟ ೧೩೦ ಅಡಿ. ಹಿಡಿಯುವ ನೀರು ಸುಮಾರು ೩೦ ಟಿ.ಎಂ.ಸಿ. ಹಿಂದೆ ೧೯೩೩ರಲ್ಲಿ ತುಂಬಿದ ಈ ಸಾಗರವು ಮತ್ತೆ ಕೋಡಿ ಹರಿದದ್ದು ೨೦೨೨ರ ಸೆಪ್ಟೆಂಬರ್ ತಿಂಗಳಿನಲ್ಲಿ, ಅಂದರೆ ೮೯ ವರ್ಷಗಳ ಮೇಲೆ. ಆ ಬಳಿಕ ೨೦೨೫ರ ಜನವರಿಯಲ್ಲಿ ಪುನಃ ಕೋಡಿ ಬಿದ್ದಿತು. ನಡುವಣ ಬರಗಾಲಗಳಲ್ಲಿ ನೀರು ತಳಕ್ಕಿಳಿದು, ತೆಂಗು ಅಡಿಕೆಯ ತೋಟಗಳು ಒಣಗಿದುದನ್ನು ಈ ಸೀಮೆಯ ಬೇಸಾಯಗಾರರು ಮರೆತಿಲ್ಲ.

ಇಂತಹ ಜಲಾಶಯದ ಕೆಳಗೆ ಬೇಸಾಯ ಮಾಡುವವನಿಗೆ ಮಳೆಯಷ್ಟೇ ಮುಖ್ಯವಾದುದು ಸರಿಯಾದ ವರ್ತಮಾನ. ಇಂದಿನ ಮಟ್ಟವೆಷ್ಟು, ಯಾವ ನಾಲೆಗೆ ಎಂದು ನೀರು ಬಿಡುವರು, ಸರದಿ ಎಷ್ಟು ದಿನ ಎಂಬುದು ತಿಳಿಯದಿದ್ದರೆ ಸಸಿಮಡಿ ಹಾಕುವ ದಿನವನ್ನು ನಿಶ್ಚಯಿಸಲಾಗದು. ನಾಲೆಯ ಬಾಯಿಯಲ್ಲಿರುವವನಿಗೆ ಹರಿಯುವ ನೀರೇ ಸುದ್ದಿಯನ್ನು ಹೇಳುವುದು. ಕೊನೆಯ ಭಾಗದ ರೈತನಿಗಾದರೋ ಬಾಯಿಮಾತೇ ಗತಿ. ಈಗ ಆ ಬಾಯಿಮಾತು ಕೈಫೋನಿನ ಮೂಲಕ ಬೇಗನೆ ಹರಡುವುದಾದರೂ ಅದರಿಂದ ಸತ್ಯವು ಹೆಚ್ಚಾಗಿಲ್ಲ. ಹೋದ ವರ್ಷದ ಪ್ರಕಟನೆಯು ಈ ವರ್ಷದ್ದೆಂದು ತಿರುಗಾಡುವುದುಂಟು. ಒಂದೇ ಮಟ್ಟವನ್ನು ಒಬ್ಬರು ಕಟ್ಟೆಯ ಅಡಿಲೆಕ್ಕದಲ್ಲಿಯೂ ಮತ್ತೊಬ್ಬರು ಸಮುದ್ರಮಟ್ಟದಿಂದ ಮೀಟರುಗಳಲ್ಲಿಯೂ ಹೇಳುವುದರಿಂದ ಓದುವವನು ದಿಕ್ಕುತಪ್ಪುವನು.

ಇದಕ್ಕೆ ಪರಿಹಾರವಾಗಿ ಅಚ್ಚುಕಟ್ಟಿನ ನೀರು ಬಳಕೆದಾರರ ಸಹಕಾರ ಸಂಘವು ತನ್ನದೇ ಒಂದು ದಫ್ತರವನ್ನೂ, ಅದನ್ನು ಯಾರು ಬೇಕಾದರೂ ಕೇಳಿ ತಿಳಿಯತಕ್ಕ ಒಂದು ಕಿಂಡಿಯನ್ನೂ ಏರ್ಪಡಿಸಿಕೊಳ್ಳಬಹುದು. ಕಂಪ್ಯೂಟರಿನವರು ಮೊದಲನೆಯದಕ್ಕೆ ಡಾಕ್ಯುಮೆಂಟ್ ಡೇಟಾಬೇಸ್ ಎಂದೂ ಎರಡನೆಯದಕ್ಕೆ ವೆಬ್ ಎ.ಪಿ.ಐ. ಎಂದೂ ಹೆಸರಿಟ್ಟಿರುವರು. ಹೆಸರು ಹೊಸದಾದರೂ ಕ್ರಮವು ಹಳೆಯ ಚಾವಡಿಯದೇ.

ದಫ್ತರದ ಬಗೆ

ದಫ್ತರಗಳಲ್ಲಿ ಎರಡು ಬಗೆಗಳುಂಟು. ಒಂದು ಕೋಷ್ಟಕದ್ದು. ಪಹಣಿಯಲ್ಲಿ ಪ್ರತಿಯೊಂದು ಸರ್ವೆ ನಂಬರಿಗೂ ಅವೇ ಕಲಮುಗಳು. ಆದುದರಿಂದ ೨೦೦೦ದಲ್ಲಿ ಕರ್ನಾಟಕ ಸರ್ಕಾರವು ಪಹಣಿಗಳನ್ನು ‘ಭೂಮಿ’ ಯೋಜನೆಯಲ್ಲಿ ಕಂಪ್ಯೂಟರಿಗೆ ಏರಿಸಿದಾಗ ಕಲಮುಗಳ ಕ್ರಮವೇ ಒಪ್ಪುವಂತಿದ್ದಿತು. ನಾಲೆಯ ವರ್ತಮಾನವು ಹಾಗಲ್ಲ. ಒಂದು ದಿನ ಮಟ್ಟವನ್ನು ಮಾತ್ರ ಬರೆಯಬೇಕಾಗುವುದು. ಇನ್ನೊಂದು ದಿನ ತೂಬು ತೆರೆದುದನ್ನೂ ಹಳ್ಳಿವಾರು ಸರದಿಯನ್ನೂ ಬರೆಯಬೇಕಾಗುವುದು. ಮತ್ತೊಂದು ದಿನ ಏರಿ ಒಡೆದ ಸ್ಥಳವನ್ನೂ ದುರಸ್ತಿಯ ಗಡುವನ್ನೂ ಸೇರಿಸಬೇಕಾಗುವುದು. ಇವೆಲ್ಲಕ್ಕೂ ಒಂದೇ ಕೋಷ್ಟಕವನ್ನು ಹಾಕಿದರೆ ಮುಕ್ಕಾಲು ಮನೆಗಳು ಖಾಲಿ ಬೀಳುವುವು. ಎರಡನೆಯ ಬಗೆಯ ದಫ್ತರದಲ್ಲಿ ಪ್ರತಿಯೊಂದು ವರ್ತಮಾನವೂ ಬೇರೆ ಬೇರೆ ಕಾಗದ. ತನಗೆ ಬೇಕಾದಷ್ಟು ಕಲಮುಗಳನ್ನು ಅದು ತಾನೇ ಹೊತ್ತಿರುವುದು. ೨೦೦೯ರಲ್ಲಿ ಹೊರಬಂದ ಮಾಂಗೋಡಿಬಿ ಎಂಬುದು ಈ ಬಗೆಯ ದಫ್ತರಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವುದು. ಅದರಲ್ಲಿಡುವ ಕಾಗದದ ಮಾದರಿಯು ಈ ಕೆಳಗಿನಂತಿರಬಹುದು. ಇದರಲ್ಲಿನ ಅಂಕಿಗಳು ಕಲ್ಪಿತವಾದುವು.

{
"ಬಗೆ": "ನೀರು ಬಿಡುಗಡೆ",
"ನಾಲೆ": "ಎಡದಂಡೆ",
"ದಿನಾಂಕ": "2026-01-10",
"ಮಟ್ಟ": { "ಅಂಕಿ": 112.5, "ಮಾನ": "ಅಡಿ", "ಎಲ್ಲಿಂದ": "ಕಟ್ಟೆಯ ಮಟ್ಟಗೋಲು" },
"ಸರದಿಯ ದಿನಗಳು": 15,
"ಆಧಾರ": "ಇಲಾಖೆಯ ಪ್ರಕಟನೆ",
"ಬರೆದವರು": "ಸಂಘದ ಕಾರ್ಯದರ್ಶಿ"
}

ಈ ಬರವಣಿಗೆಯ ಕ್ರಮಕ್ಕೆ ಜೇಸನ್ ಎಂದು ಹೆಸರು. ಕಲಮಿನ ಹೆಸರುಗಳು ಕನ್ನಡದಲ್ಲಿಯೇ ಇರಬಹುದು. ಆದರೆ ಅಂಕಿಗಳನ್ನು ಮಾತ್ರ ಇಂಗ್ಲಿಷ್ ಅಂಕಿಗಳಲ್ಲಿ ಬರೆಯತಕ್ಕದ್ದು. ಇಲ್ಲವಾದರೆ ಯಂತ್ರವು ಅವನ್ನು ಸಂಖ್ಯೆಯೆಂದು ಎಣಿಸದು. ದಿನಾಂಕದಲ್ಲಿ ವರ್ಷ, ತಿಂಗಳು, ದಿನ ಎಂಬ ಅನುಕ್ರಮವನ್ನು ಹಿಡಿದರೆ ಕಾಗದಗಳು ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುವುವು. ನಾಲೆ ಮತ್ತು ದಿನಾಂಕ ಇವೆರಡಕ್ಕೂ ಸೇರಿಸಿ ಒಂದು ಸೂಚಿಯನ್ನು ಕಟ್ಟಿಸಿದರೆ, ದಫ್ತರವು ಎಷ್ಟು ದಪ್ಪವಾದರೂ ಕೇಳಿದ ಕಾಗದವು ತಡವಿಲ್ಲದೆ ಸಿಗುವುದು.

ಕಿಂಡಿಯ ಕ್ರಮ

ಹಿಂದೆ ಶ್ಯಾನುಭೋಗರ ಕಡತವನ್ನು ರೈತನು ತಾನೇ ತಿರುವಿಹಾಕುತ್ತಿರಲಿಲ್ಲ. ಕೇಳಿದುದನ್ನು ಅವರು ನೋಡಿ ಹೇಳುತ್ತಿದ್ದರು. ಎ.ಪಿ.ಐ. ಎಂಬ ಕಿಂಡಿಯ ಕೆಲಸವೂ ಅಷ್ಟೆ. ದಫ್ತರವು ಒಳಕೋಣೆಯಲ್ಲಿರುವುದು, ಹೊರಗಿನವರು ಕಿಂಡಿಯಲ್ಲಿ ನಿಂತು ಗೊತ್ತಾದ ಮಾತಿನಲ್ಲಿ ಕೇಳುವರು. ಆ ಮಾತುಗಳು ಮುಖ್ಯವಾಗಿ ನಾಲ್ಕು: ನೋಡುವುದಕ್ಕೆ ಗೆಟ್, ಹೊಸದನ್ನು ಸೇರಿಸುವುದಕ್ಕೆ ಪೋಸ್ಟ್, ಇದ್ದುದನ್ನು ಬದಲಿಸುವುದಕ್ಕೆ ಪುಟ್, ತೆಗೆದುಹಾಕುವುದಕ್ಕೆ ಡಿಲೀಟ್. ಉತ್ತರದ ಜೊತೆಗೆ ಒಂದು ಸಂಖ್ಯೆಯೂ ಬರುವುದು. ೨೦೦ ಎಂದರೆ ಕೆಲಸವಾಯಿತು. ೨೦೧ ಎಂದರೆ ಹೊಸ ಕಾಗದ ದಾಖಲಾಯಿತು. ೪೦೦ ಎಂದರೆ ಕೇಳಿದ ರೀತಿ ತಪ್ಪು. ೪೦೧ ಎಂದರೆ ಗುರುತು ತೋರಿಸಬೇಕು. ೪೦೪ ಎಂದರೆ ಅಂತಹ ಕಾಗದವಿಲ್ಲ.

ಇಂತಹ ಕಿಂಡಿಯನ್ನು ನೋಡ್ ಮತ್ತು ಎಕ್ಸ್‌ಪ್ರೆಸ್ ಎಂಬ, ಬೆಲೆಯಿಲ್ಲದೆ ದೊರೆಯುವ ಸಲಕರಣೆಗಳಿಂದ ಕಟ್ಟಬಹುದು. ಕಾಲೇಜಿನಲ್ಲಿ ಕಂಪ್ಯೂಟರ್ ವಿದ್ಯೆಯನ್ನು ಕಲಿತ ಊರಿನ ಯುವಕರಿಗೆ ಇದು ದೊಡ್ಡ ಕೆಲಸವಲ್ಲ. ಮೊದಲು ಮೂರೇ ದಾರಿಗಳಿದ್ದರೆ ಸಾಕು: ಒಂದು ನಾಲೆಯ ಇತ್ತೀಚಿನ ವರ್ತಮಾನವನ್ನು ಕೊಡುವುದು, ಎರಡು ದಿನಾಂಕಗಳ ನಡುವಣ ಕಾಗದಗಳನ್ನು ಕೊಡುವುದು, ಹೊಸ ಕಾಗದವನ್ನು ಸೇರಿಸುವುದು. ಒಂದು ಸಾರಿಗೆ ಕೊಡುವ ಕಾಗದಗಳಿಗೆ, ಐವತ್ತೆಂದೋ ನೂರೆಂದೋ, ಮಿತಿಯಿಡತಕ್ಕದ್ದು.

ಪರೀಕ್ಷೆಯೂ ಬೀಗವೂ

ಇಲ್ಲಿ ಮುಖಂಡರು ವಿಶೇಷವಾಗಿ ಗಮನಿಸತಕ್ಕ ಸಂಗತಿಯೊಂದುಂಟು. ಈ ಬಗೆಯ ದಫ್ತರವು ಏನು ಕೊಟ್ಟರೂ ಇಟ್ಟುಕೊಳ್ಳುವುದು. ನಿಯಮವನ್ನು ವಿಧಿಸದ ಹೊರತು ಅದು ತಾನಾಗಿ ಆಕ್ಷೇಪಿಸದು. ಒಬ್ಬನು ಮಾನವನ್ನು ಬರೆಯದೆ ಬರಿಯ ಅಂಕಿಯನ್ನು ಬರೆದರೂ, ಇನ್ನೊಬ್ಬನು ‘ಎಡದಂಡೆ’ ಎಂಬುದಕ್ಕೆ ‘ಎಡನಾಲೆ’ ಎಂದು ಬರೆದರೂ ಎರಡನ್ನೂ ಸ್ವೀಕರಿಸುವುದು. ಮುಂದೆ ಹುಡುಕಿದಾಗ ಅರ್ಧ ಕಾಗದಗಳು ಸಿಕ್ಕುವುದೇ ಇಲ್ಲ. ಸ್ವಾತಂತ್ರ್ಯವು ದಫ್ತರದ ಗುಣವಾದರೆ, ಶಿಸ್ತು ಕಿಂಡಿಯ ಧರ್ಮ. ನಾಲೆಯ ಹೆಸರು, ದಿನಾಂಕ, ಮಾನ, ಆಧಾರ ಇವುಗಳಲ್ಲಿ ಒಂದು ತಪ್ಪಿದರೂ, ಮಟ್ಟವು ೧೩೦ ಅಡಿಯನ್ನು ಬಹಳವಾಗಿ ಮೀರಿದ್ದರೂ, ಕಿಂಡಿಯು ೪೦೦ ಎಂದು ಹೇಳಿ ಹಿಂದಿರುಗಿಸುವಂತೆ ಮಾಡತಕ್ಕದ್ದು.

ಓದುವುದು ಎಲ್ಲರಿಗೂ, ಬರೆಯುವುದು ಗೊತ್ತಾದ ಇಬ್ಬರು ಮೂವರಿಗೆ ಮಾತ್ರ, ಎಂಬುದು ಎರಡನೆಯ ನಿಯಮ. ಬರೆಯುವವರಿಗೆ ಪ್ರತ್ಯೇಕವಾದ ಗುಪ್ತಸಂಕೇತವನ್ನು ಕೊಡಬೇಕು. ‘ನಾಳೆ ತೂಬು ತೆರೆಯುವರು’ ಎಂಬ ಒಂದು ಸುಳ್ಳು ಕಾಗದದಿಂದ ನೂರಾರು ಮಂದಿ ಸಸಿಮಡಿ ಹಾಕಿ ಕೆಡಬಹುದು.

ದಫ್ತರದ ಕೋಣೆಯು ನೇರವಾಗಿ ಬೀದಿಗೆ ತೆರೆದಿರಕೂಡದೆಂಬುದು ಮೂರನೆಯದು. ೨೦೧೭ರ ಜನವರಿಯಲ್ಲಿ, ಗುಪ್ತಸಂಕೇತವಿಲ್ಲದೆ ಅಂತರ್ಜಾಲಕ್ಕೆ ತೆರೆದಿಟ್ಟಿದ್ದ ಸಾವಿರಾರು ಮಾಂಗೋಡಿಬಿ ದಫ್ತರಗಳನ್ನು ಕಳ್ಳರು ಅಳಿಸಿ, ಹಿಂದಕ್ಕೆ ಕೊಡುವೆವೆಂದು ಹಣವನ್ನು ಕೇಳಿದರು. ಅದೇ ವರ್ಷ ಹೊರಬಂದ ೩.೬ನೆಯ ಆವೃತ್ತಿಯಿಂದ ಈ ದಫ್ತರವು ಹೇಳದ ಹೊರತು ತಾನಿರುವ ಯಂತ್ರದೊಳಗಣ ಕರೆಗೆ ಮಾತ್ರ ಓಗೊಡುವುದು. ಆ ಏರ್ಪಾಡನ್ನು ಕೆಡಿಸಬಾರದು. ಪ್ರತಿದಿನವೂ ಒಂದು ನಕಲನ್ನು ಬೇರೆಡೆಯಲ್ಲಿಡಬೇಕು.

ನಾಲ್ಕನೆಯದು, ತಪ್ಪಾದ ಕಾಗದವನ್ನು ಅಳಿಸತಕ್ಕದ್ದಲ್ಲ. ಹಳೆಯ ಲೆಕ್ಕದಲ್ಲಿ ತಪ್ಪು ಅಂಕಿಗೆ ಗೀಟೆಳೆದು ಪಕ್ಕದಲ್ಲಿ ಸರಿಯಾದುದನ್ನು ಬರೆದು ರುಜು ಹಾಕುವ ಪದ್ಧತಿಯಿದ್ದಂತೆ, ಇಲ್ಲಿಯೂ ಹಿಂದಿನ ಕಾಗದದ ಸಂಖ್ಯೆಯನ್ನು ಸೂಚಿಸಿ ತಿದ್ದುಪಡಿಯ ಹೊಸ ಕಾಗದವನ್ನು ಸೇರಿಸಬೇಕು. ಆದುದರಿಂದ ಪುಟ್ ಮತ್ತು ಡಿಲೀಟ್ ಎಂಬ ಮಾತುಗಳನ್ನು ಕಿಂಡಿಯಲ್ಲಿ ಇಡದಿರುವುದೇ ಲೇಸು. ನೀರಿನ ವ್ಯಾಜ್ಯವು ಹುಟ್ಟಿದಾಗ, ಯಾರು ಎಂದು ಏನನ್ನು ಹೇಳಿದರೆಂಬುದು ಇದರಿಂದ ನಿಚ್ಚಳವಾಗುವುದು.

ಪ್ರಯೋಜನ

ಕಿಂಡಿಯೊಂದಿದ್ದರೆ ಕೇಳುವವರು ಹಲವರಾಗಬಹುದು. ಫೋನಿನಲ್ಲಿ ನೋಡುವವನೂ, ಗ್ರಾಮ ಪಂಚಾಯತಿಯ ಹಲಗೆಗೆ ಪ್ರತಿದಿನ ಅಚ್ಚುಹಾಕಿ ಅಂಟಿಸುವವನೂ, ಓದುಬಾರದವರಿಗೆ ಧ್ವನಿಯಲ್ಲಿ ತಿಳಿಸುವ ಯಂತ್ರವೂ ಅದೇ ಕಾಗದವನ್ನೇ ಪಡೆಯುವುದರಿಂದ, ನಾಲೆಯ ಬಾಯಿಗೊಂದು ಕೊನೆಗೊಂದು ಮಾತು ಇರದು. ಭದ್ರಾ ಮೇಲ್ದಂಡೆ ಯೋಜನೆಯಿಂದ ಭದ್ರೆಯ ನೀರೂ ಈ ಸಾಗರಕ್ಕೆ ಬರತೊಡಗಿರುವುದರಿಂದಲೂ, ಚಿತ್ರದುರ್ಗ ಹಿರಿಯೂರು ಪಟ್ಟಣಗಳ ಕುಡಿಯುವ ನೀರು ಇದರಿಂದ ಹೋಗುವುದರಿಂದಲೂ, ಲೆಕ್ಕವು ಮುಂದೆ ತೊಡಕಾಗುವುದೇ ಹೊರತು ಸುಲಭವಾಗದು. ಆದರೆ ಸಂಘದ ದಫ್ತರವು ಇಲಾಖೆಯ ಆಜ್ಞೆಗೆ ಬದಲಲ್ಲ. ಅದು ಆಜ್ಞೆಯನ್ನು ಯಥಾವತ್ತಾಗಿ ತಲಪಿಸುವ ಸಾಧನವೆಂಬುದನ್ನು ನೆನಪಿಡಬೇಕು. ‘ಆಧಾರ’ ಎಂಬ ಕಲಮು ಇರುವುದು ಇದಕ್ಕಾಗಿಯೇ.

ಕೆಲಸವನ್ನು ಕೈಕೊಳ್ಳಬೇಕೆಂದಿರುವ ಗ್ರಾಮಗಳ ಮುಖಂಡರು ಯಂತ್ರದಿಂದ ಆರಂಭಿಸದೆ ಒಂದು ಹಂಗಾಮಿನವರೆಗೆ ಸಾಮಾನ್ಯ ಪುಸ್ತಕದಲ್ಲಿ ಈ ವರ್ತಮಾನಗಳನ್ನು ಬರೆಯಿಸಿ ನೋಡಲಿ. ಯಾವ ಕಲಮುಗಳು ಬೇಕು, ಯಾವುವು ಬೇಡ, ಯಾವ ಹೆಸರಿಗೆ ಎಲ್ಲರೂ ಒಪ್ಪುವರೆಂಬುದು ಆಗ ತಾನಾಗಿ ತಿಳಿಯುವುದು. ಕೊನೆಯ ತೂಬಿನ ರೈತರಲ್ಲೊಬ್ಬರನ್ನು ಈ ಸಮಾಲೋಚನೆಗೆ ತಪ್ಪದೆ ಕರೆಯತಕ್ಕದ್ದು. ಅವರು ಕೇಳುವ ಪ್ರಶ್ನೆಗೆ ಉತ್ತರಕೊಡಬಲ್ಲ ದಫ್ತರವು ಉಳಿದವರೆಲ್ಲರಿಗೂ ಸಾಕಾಗುವುದು.