ಕಂಪನಿ ಸರ್ಕಾರದ ಟಂಕಸಾಲೆಯಲ್ಲಿ ರಾಮ ಹುಟ್ಟಲಿಲ್ಲ

ಕಾಶಿಯೂ ಸೇರಿದಂತೆ ಯಾತ್ರಾಸ್ಥಳಗಳ ಗಲ್ಲಿಗಳಲ್ಲಿ ಒಂದು ತಾಮ್ರದ ಬಿಲ್ಲೆ ಕೈಬದಲಾಗುತ್ತಲೇ ಇರುತ್ತದೆ. ಒಂದು ಮುಖದಲ್ಲಿ ರಾಮ, ಸೀತೆ, ಲಕ್ಷ್ಮಣ, ಹನುಮಂತ. ಇನ್ನೊಂದರಲ್ಲಿ ಇಂಗ್ಲಿಷಿನಲ್ಲಿ ‘ಈಸ್ಟ್ ಇಂಡಿಯಾ ಕಂಪನಿ, ಎರಡಾಣೆ, 1818’. ಕಂಪನಿ ಸರ್ಕಾರವೇ ರಾಮನ ನಾಣ್ಯ ಅಚ್ಚುಹಾಕಿಸಿತ್ತು, ಅದಕ್ಕೆ ಲಕ್ಷಗಟ್ಟಲೆ ಬೆಲೆ ಎಂದು ಹಳೆಯ ವಸ್ತು ಕೂಡಿಡುವವರಲ್ಲೂ ಎಷ್ಟೋ ಜನ ನಂಬಿದ್ದಾರೆ. ಸಾಕ್ಷಿ ಕೇಳಿದರೆ, ‘ಇಸವಿ ಇದೆಯಲ್ಲ!’

ಇಸವಿಯ ಮಾತಿಗೆ ಕಾಶಿಯಲ್ಲೇ ಉತ್ತರವಿದೆ. 1775ರಲ್ಲಿ ಬನಾರಸ್ ಕಂಪನಿಯ ವಶವಾಯಿತು. ಅಲ್ಲಿನ ಟಂಕಸಾಲೆ 1830ರವರೆಗೆ ನಡೆಯಿತು. ಮುಂದೆ ಬ್ರಾಹ್ಮಿ ಲಿಪಿಯನ್ನು ಓದಿದ ಜೇಮ್ಸ್ ಪ್ರಿನ್ಸೆಪ್ 1820ರಿಂದ ಅಲ್ಲೇ ಲೋಹ ಪರೀಕ್ಷಕನಾಗಿದ್ದ. ಅಲ್ಲಿ ಅಚ್ಚಾದ ರೂಪಾಯಿಯ ಮೇಲಿದ್ದುದು ಪಾರ್ಸಿ ಅಕ್ಷರ, ಮೊಗಲ್ ಬಾದಶಹ ಷಾ ಆಲಂನ ಹೆಸರು. ಆತ 1806ರಲ್ಲಿ ತೀರಿಕೊಂಡರೂ ಹೆಸರು ಹೋಗಲಿಲ್ಲ. 1819ರ ನಂತರ ಬನಾರಸಿನಲ್ಲಿ ಹೊರಬಂದ ಫರೂಕಾಬಾದ್ ರೂಪಾಯಿಯಲ್ಲೂ ಅವನ ಆಳ್ವಿಕೆಯ 45ನೇ ವರ್ಷವೇ ಕೂತಿದೆ. ಹಳೆಯ ವರ್ಷದ ನಾಣ್ಯಕ್ಕೆ ಶರಾಫರು ವಟ್ಟ ಹಿಡಿಯುತ್ತಿದ್ದರು. ಅದನ್ನು ತಪ್ಪಿಸಲು ಕಂಪನಿ ವರ್ಷವನ್ನೇ ನಿಲ್ಲಿಸಿಬಿಟ್ಟಿತು. ಅಸಲಿ ನಾಣ್ಯದ ಮೇಲಿನ ವರ್ಷವನ್ನೇ ಕಣ್ಣುಮುಚ್ಚಿ ನಂಬುವಂತಿಲ್ಲ ಎಂದ ಮೇಲೆ ಈ ಬಿಲ್ಲೆಯ ಪಾಡೇನು? ಕಂಪನಿಯ ಎರಡಾಣೆ ಬಂದದ್ದು 1841ರಲ್ಲಿ, ಅದೂ ಬೆಳ್ಳಿಯಲ್ಲಿ, ರಾಣಿ ವಿಕ್ಟೋರಿಯಾಳ ತಲೆಯೊಂದಿಗೆ. 1616 ಎಂದು ಬರೆದ ಬಿಲ್ಲೆಗಳೂ ಉಂಟು! ಆ ವರ್ಷ ಇಂಗ್ಲಿಷರ ರಾಯಭಾರಿ ಥಾಮಸ್ ರೋ ವ್ಯಾಪಾರದ ಅನುಕೂಲ ಬೇಡುತ್ತ ಜಹಾಂಗೀರನ ದರ್ಬಾರಿನಲ್ಲಿ ನಿಂತಿದ್ದ.

ಕಂಪನಿ ದೇವರನ್ನು ನಾಣ್ಯದ ಮೇಲೆ ಹಾಕಲೇ ಇಲ್ಲವೇ ಎಂದು ಕೇಳಬಹುದು. ಹಾಕಿತ್ತು. ಬನಾರಸಿನ ತಾಮ್ರದ ಪೈಸೆಯಲ್ಲಿ ತ್ರಿಶೂಲವಿದೆ; ಮದರಾಸಿನ ಚಿನ್ನದ ವರಾಹದಲ್ಲಿ ವೆಂಕಟೇಶ್ವರ ಇಬ್ಬರು ದೇವಿಯರೊಡನೆ ನಿಂತಿದ್ದಾನೆ. ನಮ್ಮ ಹೈದರಾಲಿಯೂ ಶಿವಪಾರ್ವತಿಯರನ್ನು ಹಾಗೇ ಉಳಿಸಿಕೊಂಡು, ಹಿಂದೆ ತನ್ನ ಹೆಸರಿನ ಮೊದಲಕ್ಷರವನ್ನಷ್ಟೇ ಒತ್ತಿಸಿದ. ಆದರೆ ಇವೆಲ್ಲ ಪೇಟೆ ಮೊದಲೇ ಒಪ್ಪಿದ್ದ ನಾಣ್ಯಗಳ ಮುಂದುವರಿಕೆ. ಸತ್ತ ಬಾದಶಹನ ಹೆಸರು ತೆಗೆಯಲೂ ಅಂಜಿದ ವ್ಯಾಪಾರಿಗಳು, ಯಾವ ಪೇಟೆಯೂ ಕಾಣದ ರಾಮಪಟ್ಟಾಭಿಷೇಕದ ಆಣೆಯನ್ನು ಹೊಸದಾಗಿ ಹುಟ್ಟಿಸಿದರೆಂದರೆ ನಂಬುವುದು ಹೇಗೆ? ಪೂಜೆಗೆಂದು ಮಾಡಿಸುತ್ತಿದ್ದ ರಾಮಟಂಕಗಳು ನಿಜ. ಅವು ಚಲಾವಣೆಯ ಹಣವಲ್ಲ, ಕಂಪನಿಗೂ ಅವಕ್ಕೂ ಸಂಬಂಧವಿಲ್ಲ.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಬೇಡ. ಕಾಗದ ಹಳೆಯದಾದ ಮಾತ್ರಕ್ಕೆ ಚಿತ್ರ ಹಳೆಯದಲ್ಲ: ಹಳೆಯ ಛಾಪಾಕಾಗದದ ಮೇಲೆ ನಿನ್ನೆ ಮೊನ್ನೆ ಬರೆದ ‘ಮೊಗಲ್’ ಚಿತ್ರಗಳು ಬೇಕಾದಷ್ಟಿವೆ, ಹುಳು ತಿಂದ ತೂತಿನೊಳಗೂ ಬಣ್ಣ ಇಳಿದಿದ್ದರೆ ಮುಗಿಯಿತು. ಹಸಿರು ಕಿಲುಬನ್ನು ಉಪ್ಪು, ಹುಳಿಯಿಂದ ಕೆಲವೇ ದಿನಗಳಲ್ಲಿ ಬರಿಸಬಹುದು. ರಾಯ್ ಕೃಷ್ಣದಾಸರು 1920ರಲ್ಲಿ ಕಟ್ಟಿದ ಭಾರತ ಕಲಾ ಭವನ ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲೇ ಇದೆ. ಅಸಲಿ ಚಿತ್ರಗಳನ್ನು ನೋಡಿ ಕಣ್ಣು ಪಳಗಿಸಿಕೊಳ್ಳಲು ಅದಕ್ಕಿಂತ ಬೇರೆ ಜಾಗ ಬೇಕೆ? ನಾವೋ ವಾಟ್ಸ್‌ಆ್ಯಪ್ ನೋಡಿ ಕಾಲ ನಿರ್ಣಯಿಸುತ್ತೇವೆ. ಇದೇ ಬಿಲ್ಲೆ ಅಕ್ಕಿ ಸೆಳೆಯುತ್ತದೆಂದು ‘ರೈಸ್ ಪುಲ್ಲಿಂಗ್’ ಹೆಸರಿನಲ್ಲಿ ಮಾರುವವರ ಮೇಲೆ ಪೊಲೀಸರು ಎಷ್ಟು ಪ್ರಕರಣ ಹಾಕಿದರೂ, ಓದಿದವರೇ ಮತ್ತೆ ಸಾಲು ನಿಲ್ಲುತ್ತಾರೆ.

1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ, ಚಿತ್ರಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ‘ಇದು 1818ರದ್ದೇ’ ಎನ್ನುವವನನ್ನು ಮೊದಲು ಅದನ್ನು ತೋರಿಸಲು ಕೇಳಿ.